ಪಾಠ ಮೊದಲು ಅಪ್ಪ ಅಮ್ಮನಿಗೆ

ಮಾನ್ಯರೇ,

ಅಮೆರಿಕದ ಲ್ಯಾಟಿನಾ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಹುಡುಗಿಯರ ಬಗ್ಗೆ ಚಿಕ್ಕ ವಯಸ್ಸಿನ ಬಸಿರು, ಡ್ರಗ್ಸ್ ಇಷ್ಟೇ ಸುದ್ದಿಯಾಗುತ್ತದೆ. ಆದರೆ ಇವರಲ್ಲಿ 15ರಿಂದ 19 ವಯಸ್ಸಿನವರ ಹೆರಿಗೆ 1991ರಲ್ಲಿ ಸಾವಿರ ಹುಡುಗಿಯರಿಗೆ ನೂರು ದಾಟಿತ್ತು. 2020ರಲ್ಲಿ 25ಕ್ಕಿಂತ ಕಡಿಮೆ. ಗರ್ಭನಿರೋಧಕಗಳ ಬಳಕೆ ಹೆಚ್ಚಿದ್ದು ಒಂದು ಕಾರಣ.

ಮನೆಯೂ ಈ ಹುಡುಗಿಯರನ್ನು ಕಾಯುತ್ತದೆ. ಆದರೆ ಸುಮ್ನೆ ಹೊರಗೆ ಬಿಡದೆ ಕಾಯುವುದಲ್ಲ. ಮಯಾಮಿ ವಿಶ್ವವಿದ್ಯಾಲಯದವರು ಇಂಥ ಕುಟುಂಬಗಳಿಗಾಗಿ ರೂಪಿಸಿದ ‘ಫಮೀಲಿಯಾಸ್ ಉನೀದಾಸ್’ (ಒಗ್ಗಟ್ಟಿನ ಕುಟುಂಬಗಳು) ಕಾರ್ಯಕ್ರಮದಲ್ಲಿ ಪಾಠ ಜಾಸ್ತಿ ಅಪ್ಪ ಅಮ್ಮನಿಗೇ. ಸ್ಪ್ಯಾನಿಷ್‌ನಲ್ಲೇ ಗುಂಪಾಗಿ ಕೂತು, ಡ್ರಗ್ಸ್, ಕಾಂಡೋಮ್ ಬಗ್ಗೆ ಮಕ್ಕಳ ಹತ್ತಿರ ಹೇಗೆ ಮಾತು ತೆಗೆಯಬೇಕು ಅಂತ ಅಭ್ಯಾಸ ಮಾಡುತ್ತಾರೆ. (ಮುಜುಗರ ಆಗದೇ ಇರುತ್ತಾ!) ಆಮೇಲೆ ಮಕ್ಕಳನ್ನು ಎದುರು ಕೂರಿಸಿಕೊಂಡು ಅದೇ ಮಾತು. ಇದರಿಂದ ಡ್ರಗ್ಸ್ ಬಳಕೆ, ಅಸುರಕ್ಷಿತ ಲೈಂಗಿಕ ನಡವಳಿಕೆ ಕಡಿಮೆಯಾಗಿದ್ದು ಅಧ್ಯಯನಗಳಲ್ಲಿ ಕಂಡಿದೆ. ಪತ್ರಿಕೆಗಳು ಇದನ್ನೂ ಸ್ವಲ್ಪ ಬರೆಯಲಿ.

– ಓದುಗರೊಬ್ಬರು, ಮೈಸೂರು