2010ರ ಸ್ವಿಫ್ಟಿಗೆ 2012ರ ವಿವಿಟಿ ಎಂಜಿನ್ ಕೂರಿಸಿದ ಬಗ್ಗೆ ದೂರು

ಇಂದ:
ಕಾರಿನ ಮಾಲೀಕರು, ಮಣಿಪಾಲ, ಉಡುಪಿ ಜಿಲ್ಲೆ

ಗೆ:
ವ್ಯವಸ್ಥಾಪಕರು, ಸೆಕೆಂಡ್ ಹ್ಯಾಂಡ್ ಎಂಜಿನ್ ಮಾರಾಟ ಮತ್ತು ಫಿಟ್ಟಿಂಗ್, ಬೈಕಂಪಾಡಿ, ಮಂಗಳೂರು

ವಿಷಯ: ಬಿಲ್ಲಿನಲ್ಲಿ ಬರೆದದ್ದಕ್ಕಿಂತ ಬೇರೆ ಎಂಜಿನ್ ಕೊಟ್ಟಿರುವುದು, ಫಿಟ್ಟಿಂಗ್ ದೋಷ, ದಾಖಲೆ ಕೊಡದಿರುವುದು

ಮಾನ್ಯರೇ,

ಕಳೆದ ತಿಂಗಳು ನಿಮ್ಮಲ್ಲಿ ಎಂಜಿನ್ ಬದಲಾಯಿಸಿದ ನಮ್ಮ 2010ರ ಪೆಟ್ರೋಲ್ ಸ್ವಿಫ್ಟ್ (ಕೆಎ-20 ನೋಂದಣಿ) ಈಗ ರಸ್ತೆಗೆ ಇಳಿಸುವ ಸ್ಥಿತಿಯಲ್ಲಿಲ್ಲ. ಬಿಲ್ಲಿನಲ್ಲಿ “ಯೂಸ್ಡ್ ಎಂಜಿನ್ ಕೆ12ಎಂ, ಸೇಮ್ ಮಾಡೆಲ್, 1 ನಗ” ಎಂದು ಬರೆದಿದ್ದೀರಿ. ಎಂಜಿನ್‌ಗೆ 48,000 ರೂಪಾಯಿ, ಫಿಟ್ಟಿಂಗ್‌ಗೆ 12,500 ರೂಪಾಯಿ ಪಡೆದಿದ್ದೀರಿ. ಕೂರಿಸಿದ್ದು 2012ರ ಸ್ವಿಫ್ಟಿನ ಎಂಜಿನ್. ನಿಮ್ಮ ಗೋಡೌನಿನಲ್ಲಿ ಬ್ಲಾಕ್ ಮೇಲೆ ಬಿಳಿ ಪೇಂಟಿನಲ್ಲಿ ಬರೆದ “12” ಇನ್ನೂ ಹಾಗೇ ಇದೆ.

ಕೆ12ಎಂ ಎಂಬ ಹೆಸರಿನಲ್ಲಿ ಎರಡು ಬಗೆ ಇರುವುದು ಈ ವ್ಯಾಪಾರದಲ್ಲಿ ಇರುವವರಿಗೆ ಹೊಸ ವಿಷಯವೇನಲ್ಲ. 2010ರಲ್ಲಿ ಹಳೆ ಬಾಡಿಯ ಸ್ವಿಫ್ಟಿಗೆ 1.3 ಲೀಟರಿನ ಜಿ13ಬಿಬಿ ಎಂಜಿನ್ ತೆಗೆದು ಕೆ12ಎಂ ಕೊಟ್ಟರು. 1197 ಸಿಸಿ, 85 ಪಿಎಸ್, ಇನ್‌ಟೇಕ್ ಕ್ಯಾಮಿನ (ಒಳಗೆ ಗಾಳಿ ಬಿಡುವ ವಾಲ್ವ್‌ಗಳನ್ನು ತೆರೆಯುವ ಶಾಫ್ಟಿನ) ಟೈಮಿಂಗ್ ಫಿಕ್ಸ್. 2011ರ ಆಗಸ್ಟಿನಲ್ಲಿ ಹೊಸ ಬಾಡಿ ಬಂದಾಗ ಅದೇ ಎಂಜಿನ್‌ಗೆ ವಿವಿಟಿ, ಅಂದರೆ ಆ ಟೈಮಿಂಗನ್ನು ಓಡುವಾಗಲೇ ಹಿಂದೆ ಮುಂದೆ ಮಾಡುವ ವ್ಯವಸ್ಥೆ, ಸೇರಿ 87 ಪಿಎಸ್ ಆಯಿತು. ಬೋರ್ 73 ಮಿ.ಮೀ., ಸ್ಟ್ರೋಕ್ 71.5 ಮಿ.ಮೀ. ಎರಡರಲ್ಲೂ ಒಂದೇ. ಬ್ಲಾಕಿನ ಅಕ್ಷರ ನೋಡಿ ಗುಜರಿಯಿಂದ ಎತ್ತಿ ತಂದವರಿಗೆ ವ್ಯತ್ಯಾಸ ಹೊಳೆಯದೆ ಇರಬಹುದು. ಕೂರಿಸಿದ ಮೆಕ್ಯಾನಿಕ್‌ಗೆ ಗೊತ್ತಾಗದೆ ಇರಲಿಕ್ಕೆ ಸಾಧ್ಯವೇ ಇಲ್ಲ.

ಯಾಕೆಂದರೆ ಬಾನೆಟ್ ಎತ್ತಿದರೆ ಕಾಣುತ್ತದೆ. ಇನ್‌ಟೇಕ್ ಕ್ಯಾಮಿನ ಬದಿಯಲ್ಲಿ ವಿವಿಟಿಗೆ ಎಣ್ಣೆ ಬಿಡುವ ಕಂಟ್ರೋಲ್ ವಾಲ್ವ್ ಇದೆ, ಅದಕ್ಕೆ ಎರಡು ಪಿನ್ನಿನ ಸಾಕೆಟ್ ಇದೆ. ನಮ್ಮ ಗಾಡಿಯ ವೈರಿಂಗಿನಲ್ಲಿ ಅಲ್ಲಿಗೆ ಬರುವ ವೈರೇ ಇಲ್ಲ. ನಿಮ್ಮವರು ಆ ಸಾಕೆಟ್‌ಗೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿ, ಮೇಲೊಂದು ಕೇಬಲ್ ಟೈ ಬಿಗಿದು ಬಿಟ್ಟಿದ್ದಾರೆ. ಜೋಡಿಸಲಿಕ್ಕೆ ವೈರ್ ಇಲ್ಲ ಎಂದು ಗೊತ್ತಾದ ಮೇಲೆ ತಾನೇ ಟೇಪ್ ಸುತ್ತಿದ್ದು? ಕೆಲಸ ನಿಲ್ಲಿಸಿ ನಮಗೆ ಫೋನ್ ಮಾಡಬೇಕಾದ ಹೊತ್ತು ಅದಾಗಿತ್ತು.

ಇದರಿಂದ ಆಗಿರುವುದು ಇಷ್ಟು. ಕಂಟ್ರೋಲ್ ವಾಲ್ವ್‌ಗೆ ಕರೆಂಟ್ ಹೋಗದಿದ್ದರೆ ಸ್ಪ್ರಿಂಗ್ ಅದನ್ನು ರಿಟಾರ್ಡ್ (ತಡ) ಕಡೆಗೆ ತಳ್ಳುತ್ತದೆ. ಇನ್‌ಟೇಕ್ ಕ್ಯಾಮ್ ಪೂರ್ತಿ ರಿಟಾರ್ಡ್ ಆಗಿ ಲಾಕ್ ಪಿನ್ನಿನಲ್ಲೇ ಕೂತಿರುತ್ತದೆ. ಇನ್‌ಟೇಕ್ ವಾಲ್ವ್ ತಡವಾಗಿ ಮುಚ್ಚುತ್ತದೆ, ಪಿಸ್ಟನ್ ಮೇಲೇರುವಾಗ ಒಳಗೆ ಬಂದ ಮಿಶ್ರಣದ ಒಂದು ಪಾಲು ಮ್ಯಾನಿಫೋಲ್ಡಿಗೆ ವಾಪಸ್ ಹೋಗುತ್ತದೆ. 3,000 ಆರ್‌ಪಿಎಂ ಒಳಗೆ ಎಳೆತವೇ ಇಲ್ಲ. ಕಡಿಯಾಳಿಯಿಂದ ಮಣಿಪಾಲಕ್ಕೆ ಏರುವಾಗ ಎಸಿ ಹಾಕಿದರೆ ಎರಡನೇ ಗೇರಿಗೆ ಬರಲೇಬೇಕು. ಹಳೆ ಎಂಜಿನ್ ಅದೇ ಏರನ್ನು ಮೂರರಲ್ಲಿ ಹತ್ತುತ್ತಿತ್ತು. ನಮ್ಮ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಒಳಗಿನ ಪೆಟ್ರೋಲ್ ಮತ್ತು ಇಗ್ನಿಷನ್ ಲೆಕ್ಕ ಫಿಕ್ಸ್ ಕ್ಯಾಮಿನದ್ದು. ಈ ಎಂಜಿನ್ ಹೀಗೆ ಉಸಿರಾಡುತ್ತದೆ ಎಂದು ಅದಕ್ಕೆ ಗೊತ್ತಿಲ್ಲ. ಸ್ಕ್ಯಾನರ್ ಹಾಕಿದರೆ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ಮಾಡಿಕೊಂಡ ಪೆಟ್ರೋಲ್ ತಿದ್ದುಪಡಿ) ಶೇಕಡಾ ಮೈನಸ್ 15ರ ಹತ್ತಿರ ನಿಂತಿದೆ, ಅಂದರೆ ಗಾಡಿ ರಿಚ್ (ಪೆಟ್ರೋಲ್ ಹೆಚ್ಚಾಗಿ) ಓಡುತ್ತಿದ್ದು ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತಲೇ ಇದೆ. ನಾಲ್ಕೂ ಪ್ಲಗ್ಗಿನಲ್ಲಿ ಮಸಿ. ಪಿ0340, ಅಂದರೆ ಕ್ಯಾಮ್ ಸೆನ್ಸರ್ ಕೋಡ್, ಡೆಲಿವರಿ ದಿನ ನಿಮ್ಮವರು ಅಳಿಸಿ ಕೊಟ್ಟದ್ದು ಮರುದಿನವೇ ಬಂತು. ಕೋಡ್ ಅಳಿಸುವುದನ್ನು ರಿಪೇರಿ ಎಂದು ಯಾರೂ ಒಪ್ಪಲಿಕ್ಕಿಲ್ಲ.

ನಿಮ್ಮ ಮೇಲೆ ಇಲ್ಲದ ಆರೋಪ ಹೊರಿಸುವ ಉದ್ದೇಶ ನಮಗಿಲ್ಲ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) 168, 170, 166, 169 ಪಿಎಸ್‌ಐ ಬಂದಿದೆ. ನಾಲ್ಕೂ ಹೆಚ್ಚುಕಡಿಮೆ ಸಮ. ಪ್ಲಗ್ ತೂತಿನಿಂದ ಚಮಚದಷ್ಟು ಎಣ್ಣೆ ಬಿಟ್ಟು ಮತ್ತೆ ನೋಡಿದರೂ ಅಳತೆ ಅಷ್ಟೇನೂ ಏರಲಿಲ್ಲ, ಹಾಗಾಗಿ ರಿಂಗ್ ಸವೆದಿಲ್ಲ. ಎಂಜಿನ್ ಕೆಟ್ಟದ್ದಲ್ಲ, 2012ರ ಗಾಡಿಗೆ ಚೆನ್ನಾಗಿಯೇ ಓಡೀತು.

ಫಿಟ್ಟಿಂಗ್ ವಿಷಯ ಬೇರೆ. ಗೇರ್‌ಬಾಕ್ಸ್ ಇಳಿಸಿದಾಗ ಕ್ರ್ಯಾಂಕಿನ ಹಿಂದಿನ ಆಯಿಲ್ ಸೀಲ್ ಬದಲಾಯಿಸುವುದು ವಾಡಿಕೆ. ಸೀಲಿನ ಬೆಲೆ ಕಡಿಮೆ, ಮತ್ತೆ ಇಳಿಸುವ ಕೂಲಿ ದುಬಾರಿ. ನೀವು ಬದಲಾಯಿಸಿಲ್ಲ, ಬೆಲ್ ಹೌಸಿಂಗ್ (ಎಂಜಿನ್‌ಗೆ ಗೇರ್‌ಬಾಕ್ಸ್ ಸೇರುವ ಕವಚ) ಕೆಳಗೆ ಎಣ್ಣೆ ಜಿನುಗುತ್ತಿದೆ. ಆ ಎಣ್ಣೆ ಕ್ಲಚ್ ಪ್ಲೇಟಿಗೆ ತಾಗಿದರೆ ಅದರ ಖರ್ಚೂ ನಿಮ್ಮದೇ. ಬಾಡಿಯಿಂದ ಗೇರ್‌ಬಾಕ್ಸಿಗೆ ಬರುವ ಅರ್ತ್ ಸ್ಟ್ರಾಪನ್ನು ತುಕ್ಕು ಉಜ್ಜದೆ ಹಾಗೇ ಬಿಗಿದಿದ್ದಾರೆ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ ಮೈನಸ್‌ನಿಂದ ಬ್ಲಾಕಿಗೆ 0.6 ವೋಲ್ಟ್ ಡ್ರಾಪ್ ತೋರಿಸುತ್ತದೆ, 0.2 ದಾಟಬಾರದು. ಕಡಲ ಬದಿಯ ಊರಿನಲ್ಲಿ ಇದನ್ನು ಹೇಳಿಕೊಡಬೇಕೇ? ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆ ಎಫ್ (ಫುಲ್) ಗೆರೆಗಿಂತ ಮೇಲಿದೆ. ಬಿಲ್ಲಿನಲ್ಲಿ ಕೂಲೆಂಟ್ 3 ಲೀಟರ್ ಇದೆ, ರೇಡಿಯೇಟರ್ ಕ್ಯಾಪ್ ತೆಗೆದರೆ ಬಣ್ಣವೂ ಇಲ್ಲದ ಬರೀ ನೀರು. ಅಲ್ಯೂಮಿನಿಯಂ ಬ್ಲಾಕಿನೊಳಗೆ ಬಾವಿ ನೀರು ಏನು ಮಾಡುತ್ತದೆ ಎಂಬುದು ನಿಮಗೆ ಗೊತ್ತಿದೆ.

ಇನ್ನು ದಾಖಲೆ. ಎಂಜಿನ್ ಬದಲಾದರೆ ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ನೋಂದಣಿ ಅಧಿಕಾರಿಗೆ 14 ದಿನಗಳೊಳಗೆ ತಿಳಿಸಿ ಆರ್‌ಸಿಯಲ್ಲಿ ಹೊಸ ನಂಬರ್ ಸೇರಿಸಬೇಕು. ಅದಕ್ಕೆ ಎಂಜಿನ್ ಎಲ್ಲಿಂದ ಬಂತೆಂಬ ಕಾಗದ ಬೇಕು. ನಿಮ್ಮ ಬಿಲ್ಲಿನಲ್ಲಿ ಎಂಜಿನ್ ನಂಬರೇ ಇಲ್ಲ, ಯಾವ ಗಾಡಿಯಿಂದ ಬಿಚ್ಚಿದ್ದು ಎಂಬ ಮಾಹಿತಿಯೂ ಇಲ್ಲ. ನಾಳೆ ಅಪಘಾತವಾಗಿ ಇನ್ಶೂರೆನ್ಸ್ ಸರ್ವೇಯರ್ ನಂಬರ್ ತಾಳೆ ನೋಡಿದರೆ ಸಿಕ್ಕಿಬೀಳುವವರು ನಾವು.

ನಿಮ್ಮ ಸೂಪರ್‌ವೈಸರ್ ಫೋನಿನಲ್ಲಿ ಎರಡು ದಾರಿ ಹೇಳಿದ್ದಾರೆ. ಒಂದು, 2012ರ ಇಸಿಯು, ವೈರಿಂಗ್, ಇಮ್ಮೊಬಿಲೈಸರ್ (ಕಳ್ಳತನ ತಡೆಯುವ ಲಾಕ್), ಕೀ ಎಲ್ಲ ಸೆಟ್ಟಾಗಿ ಹಾಕುವುದು. ಅದು ನಮಗೆ ಬೇಡ. ಹಳೆ ಬಾಡಿಯ ಮೀಟರ್, ಎಸಿ, ಫ್ಯಾನ್ ರಿಲೇ ಎಲ್ಲವನ್ನೂ ಕತ್ತರಿಸಿ ಜೋಡಿಸಬೇಕಾಗುತ್ತದೆ, ಪ್ರತಿ ಜೋಡಣೆಯೂ ಎರಡು ಮಳೆಗಾಲದಲ್ಲಿ ಹಸಿರು ಹಿಡಿಯುತ್ತದೆ. ಇನ್ನೊಂದು, ನಮ್ಮ ಹಳೆ ಹೆಡ್, ಎರಡೂ ಕ್ಯಾಮ್, ಚೈನ್ ಮತ್ತು ಚೈನ್ ಕವರ್‌ಗಳನ್ನು ಈ ಬ್ಲಾಕಿಗೆ ಹಾಕುವುದು. ನಮ್ಮ ಎಂಜಿನ್ನಿನಲ್ಲಿ ಹೋಗಿದ್ದು ಕನೆಕ್ಟಿಂಗ್ ರಾಡ್ ಬೇರಿಂಗ್ ಮತ್ತು ಕ್ರ್ಯಾಂಕ್, ಹೆಡ್ ಸರಿ ಇತ್ತು. ಹಾಗಾಗಿ ಇದು ಆಗದ ಕೆಲಸವಲ್ಲ. ಆದರೆ ಪಿಸ್ಟನ್ ತಲೆಯ ಆಕಾರ, ವಾಲ್ವ್ ಪಾಕೆಟ್, ಎಣ್ಣೆ ತೂತುಗಳನ್ನು ಎರಡೂ ಎಂಜಿನ್ ಪಕ್ಕದಲ್ಲಿಟ್ಟು ಹೋಲಿಸಬೇಕು, ಹೊಸ ಹೆಡ್ ಗ್ಯಾಸ್ಕೆಟ್ ಮತ್ತು ಬೋಲ್ಟ್ ಹಾಕಬೇಕು, ವಾಲ್ವ್ ಕ್ಲಿಯರೆನ್ಸ್ ಅಳೆದು ಬರೆದು ಕೊಡಬೇಕು. ಟೇಪ್ ಸುತ್ತಿ ಕಳಿಸಿದ ಕೈಗಳಿಗೆ ಈ ಕೆಲಸ ಒಪ್ಪಿಸಲಿಕ್ಕೆ ನಮಗೆ ಧೈರ್ಯವಿಲ್ಲ.

ಹಾಗಾಗಿ ನಾವು ಕೇಳುವುದು ವಿವಿಟಿ ಇಲ್ಲದ, 2010–11ರ ಹಳೆ ಬಾಡಿ ಸ್ವಿಫ್ಟಿನ ಕೆ12ಎಂ. ಗಾಡಿಗೆ ಇಳಿಸುವ ಮೊದಲು ಕಂಪ್ರೆಷನ್ ನಮ್ಮೆದುರು ನೋಡಬೇಕು. ನಮ್ಮ ಥ್ರಾಟಲ್ ಬಾಡಿ, ಇಂಜೆಕ್ಟರ್, ಸೆನ್ಸರ್‌ಗಳೇ ಅದರ ಮೇಲೆ ಬರಬೇಕು. ಹಿಂದಿನ ಸೀಲ್, ಸರಿಯಾದ ಕೂಲೆಂಟ್, ಹೊಸ ಅರ್ತ್ ಸ್ಟ್ರಾಪ್ ನಿಮ್ಮ ಖರ್ಚಿನಲ್ಲಿ. ಬಿಲ್ಲಿನಲ್ಲಿ ಎಂಜಿನ್ ನಂಬರ್, ಜೊತೆಗೆ ಮೂಲ ಗಾಡಿಯ ಕಾಗದದ ಪ್ರತಿ. 15 ದಿನಗಳಲ್ಲಿ ಅಂಥ ಎಂಜಿನ್ ಸಿಗದಿದ್ದರೆ 60,500 ರೂಪಾಯಿ ವಾಪಸ್ ಕೊಟ್ಟು ನಿಮ್ಮ ಎಂಜಿನ್ ಒಯ್ಯಬಹುದು. ಎರಡೂ ಆಗದಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. 5 ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ.

ಎಕ್ಸ್‌ಚೇಂಜ್ ಎಂದು ನೀವು ಇಟ್ಟುಕೊಂಡ ನಮ್ಮ ಹಳೆ ಎಂಜಿನ್ನನ್ನು ಇದು ಇತ್ಯರ್ಥವಾಗುವವರೆಗೆ ಗುಜರಿಗೆ ಹಾಕಬಾರದು, ಬಿಚ್ಚಿ ಮಾರಬಾರದು. ಗಾಡಿಯನ್ನು ಮನೆಯಲ್ಲೇ ನಿಲ್ಲಿಸಿದ್ದೇವೆ, ಟೇಪ್ ಬಿಚ್ಚಿಲ್ಲ. ನೋಡಲಿಕ್ಕೆ ಬರುವವರು ಸ್ಕ್ಯಾನರ್ ತರಲಿ, ಕೋಡ್ ಅಳಿಸುವ ಮುಂಚೆ ನಮಗೆ ತೋರಿಸಲಿ.

ಇಂತಿ,
ಕಾರಿನ ಮಾಲೀಕರು

ಲಗತ್ತು: ಬಿಲ್ಲಿನ ಪ್ರತಿ, ಸಾಕೆಟ್ ಮತ್ತು ಬ್ಲಾಕಿನ ಫೋಟೋ, ಸ್ಕ್ಯಾನ್ ಪ್ರಿಂಟ್, ಕಂಪ್ರೆಷನ್ ಅಳತೆಯ ಚೀಟಿ