ಹೊಸ ಮೆಂಬ್ರೇನ್ ಸುದ್ದಿ ಬರೆಯುವಾಗ ಇದನ್ನೂ ಕೇಳಿ

ಸಂಪಾದಕರೇ, ನಮಸ್ಕಾರ.

ನಿಮ್ಮ ವಿಜ್ಞಾನ ಪುಟದಲ್ಲಿ ನೀರು ಸೋಸುವ ಹೊಸ ಪಾಲಿಮರ್ ಮೆಂಬ್ರೇನ್ (ಪ್ಲಾಸ್ಟಿಕ್ಕಿನ ತೆಳು ಪೊರೆ) ಒಂದರ ಬಗ್ಗೆ ಬಂದ ಬರಹ ಓದಿದೆ. ನಮ್ಮ ಕೆಲಸಕ್ಕೆ ಪೇಪರಿನಲ್ಲಿ ಅರ್ಧ ಪುಟ ಸಿಕ್ಕಿದ್ದು ನೋಡಿ ತುಂಬಾ ಖುಷಿಯಾಯ್ತು. ಆದರೆ ಓದಿ ಮುಗಿಸಿದ ಮೇಲೆ ಸಮಾಧಾನ ಆಗಲಿಲ್ಲ. ಈಗ ಇರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ನೀರು ಬಿಡುತ್ತದೆ ಅಂತ ಬರೆದಿದ್ದೀರಿ. ಎಷ್ಟು ದೊಡ್ಡ ತುಂಡು? ಎಷ್ಟು ಗಂಟೆ ಓಡಿತು? ಶುದ್ಧ ನೀರಿನಲ್ಲೋ, ಕೊಳೆ ನೀರಿನಲ್ಲೋ? ಒಂದಕ್ಕೂ ಉತ್ತರ ಇಲ್ಲ. ನಾನು 14 ವರ್ಷದಿಂದ ಲ್ಯಾಬ್‌ನಲ್ಲಿ ಮೆಂಬ್ರೇನ್ ಮಾಡುತ್ತಿದ್ದೇನೆ, ನಮ್ಮ ದೊಡ್ಡಪ್ಪ ಆರು ವರ್ಷ ಡಯಾಲಿಸಿಸ್ ಮೇಲೆ ಬದುಕಿದವರು, ಅಲ್ಲಿ ರಕ್ತ ಸೋಸುವುದೂ ಮೆಂಬ್ರೇನೇ. ಹಾಗಾಗಿ ಈ ಪ್ರಶ್ನೆಗಳನ್ನು ಸುಮ್ನೆ ಬಿಡೋಕೆ ನನಗೆ ಆಗಲ್ಲ. ಪತ್ರ ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಮೆಂಬ್ರೇನ್ ಅಂದರೆ ಒಂದು ಸಣ್ಣ ಜರಡಿ ಅಂತ ಬರಹದಲ್ಲಿತ್ತು. ಜರಡಿಯ ತೂತನ್ನು ಯಾರೋ ಕೂತು ಮಾಡಿರುತ್ತಾರೆ. ಇಲ್ಲಿ ತೂತು ಮಾಡುವವರು ಯಾರೂ ಇಲ್ಲ, ಅವು ತಾವಾಗಿಯೇ ಆಗಬೇಕು. ನಮ್ಮ ಕೈಲಿ ಇರುವುದು ಅವು ಸರಿಯಾಗಿ ಆಗುವ ಹಾಗೆ ನೋಡಿಕೊಳ್ಳುವುದು ಅಷ್ಟೇ.

ಹೇಗೆ ಅಂತ ಹೇಳುತ್ತೇನೆ. ಪಾಲಿಸಲ್ಫೋನ್ ಅಂತ ಒಂದು ಪ್ಲಾಸ್ಟಿಕ್, ಸಣ್ಣ ಕಾಳುಗಳ ರೂಪದಲ್ಲಿ ಬರುತ್ತದೆ. ನೂರು ಗ್ರಾಂ ದ್ರಾವಣಕ್ಕೆ ಸುಮಾರು 18 ಗ್ರಾಂ ಲೆಕ್ಕದಲ್ಲಿ, ಅದನ್ನು ಕರಗಿಸುವ ದ್ರಾವಕಕ್ಕೆ ಹಾಕಿ ರಾತ್ರಿಯಿಡೀ ಕಲಕಿದರೆ ಗೋಂದಿನ ಹಾಗೆ ಗಟ್ಟಿಯಾಗಿ, ತಿಳಿಯಾಗಿ ನಿಲ್ಲುತ್ತದೆ. ಆಮೇಲೆ ಅದನ್ನು ಅಲುಗಾಡಿಸದೆ ಬಿಡಬೇಕು, ಒಳಗಿನ ಗಾಳಿಗುಳ್ಳೆ ಎಲ್ಲ ಮೇಲೆ ಬಂದು ಹೋಗುವ ತನಕ. ಗಾಜಿನ ಮೇಲೆ ಸುರಿದು, 200 ಮೈಕ್ರಾನ್ (ಮಿಲಿಮೀಟರಿನ ಐದನೇ ಒಂದು ಭಾಗ) ಸಂದು ಬಿಟ್ಟು ಕೂರಿಸಿದ ಬ್ಲೇಡನ್ನು ಒಂದೇ ವೇಗದಲ್ಲಿ ಎಳೆದು, ಗಾಜನ್ನು ಹಾಗೇ ನೀರಿನ ತೊಟ್ಟಿಗೆ ಜಾರಿಸುತ್ತೇವೆ. ಅಲ್ಲಿಯ ತನಕ ಗಾಜಿನ ಮೇಲೆ ಏನಾದರೂ ಇದೆಯೋ ಇಲ್ಲವೋ ಅನ್ನಿಸುವಷ್ಟು ತಿಳಿ. ನೀರು ತಾಗಿದ ಕೂಡಲೇ ಮಬ್ಬಾಗಿ, ಕೆಲವೇ ಸೆಕೆಂಡಿನಲ್ಲಿ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಅಂಚು ಗಾಜಿನಿಂದ ಎದ್ದು, ಇಡೀ ಹಾಳೆ ತಾನೇ ಬಿಟ್ಟುಕೊಂಡು ತೇಲುತ್ತದೆ. ಸಾವಿರ ಸಲ ನೋಡಿದ್ದೇನೆ, ಇವತ್ತಿಗೂ ನಿಂತು ನೋಡುತ್ತೇನೆ.

ಅಲ್ಲಿ ನಡೆಯುವುದು ಇಷ್ಟು. ದ್ರಾವಕ ನೀರಿಗೆ ಓಡುತ್ತದೆ, ನೀರು ಒಳಗೆ ನುಗ್ಗುತ್ತದೆ. ಪಾಲಿಮರ್‌ಗೆ ನೀರು ಆಗಿಬರಲ್ಲ, ಅದು ಹೆಪ್ಪುಗಟ್ಟುತ್ತದೆ. ನೀರು ಮೊದಲು ತಾಗಿದ ಮೇಲ್ಭಾಗ ಬೇಗ ಗಟ್ಟಿಯಾಗಿ ತೆಳ್ಳನೆಯ ಚರ್ಮ ಆಗುತ್ತದೆ, ಕೆಳಗೆ ನಿಧಾನವಾಗಿ ಸ್ಪಂಜಿನ ಹಾಗೋ ಬೆರಳಿನ ಹಾಗೋ ಖಾಲಿ ಜಾಗಗಳು ಉಳಿಯುತ್ತವೆ. ಬೇರ್ಪಡಿಸುವ ಕೆಲಸ ಪೂರ್ತಿ ಆ ಚರ್ಮದ್ದು, ಕೆಳಗಿನದು ಅದನ್ನು ಹೊತ್ತುಕೊಂಡಿರುತ್ತದೆ. ತೊಟ್ಟಿಯ ನೀರು ನಾಲ್ಕು ಡಿಗ್ರಿ ಬಿಸಿ ಇದ್ದರೆ ಬೇರೆ ಮೆಂಬ್ರೇನ್. ಗಾಳಿಯಲ್ಲಿ ಅರ್ಧ ನಿಮಿಷ ಜಾಸ್ತಿ ಇಟ್ಟರೆ ಇನ್ನೊಂದು. ಹವೆಯಲ್ಲಿ ತೇವ ಜಾಸ್ತಿ ಇದ್ದ ದಿನ ತೊಟ್ಟಿಗೆ ಇಳಿಸುವ ಮೊದಲೇ ಗಾಳಿಯ ತೇವ ಹೀರಿ ಹಾಳೆಯ ಮೇಲೆ ಮಂಜು ಕವಿದ ಹಾಗೆ ಆಗುತ್ತದೆ, ಅವತ್ತಿನ ಕೆಲಸ ದಂಡ. ಅದೇ ಕಾಳು, ಅದೇ ದ್ರಾವಕ, ಅದೇ ಕೈ.

ನಾನು ಸೇರಿದ ಮೊದಲ ವರ್ಷ ಮೂರು ತಿಂಗಳು ಮಾಡಿದ ಹಾಳೆಗಳೆಲ್ಲ ಪ್ರೋಟೀನನ್ನು ತಡೆಯದೆ ಬಿಟ್ಟುಬಿಡುತ್ತಿದ್ದವು. ನೀರು ಮಾತ್ರ ಚೆನ್ನಾಗಿ ಹರಿಯುತ್ತಿತ್ತು, ನಾನು ಅದನ್ನೇ ಗೆಲುವು ಅಂದುಕೊಂಡಿದ್ದೆ. ನಮ್ಮ ಮೇಡಂ ಹಾಳೆಯನ್ನು ದೀಪದ ಎದುರು ಹಿಡಿದು ತೋರಿಸಿದರು: ಸೂಜಿಮೊನೆಗಿಂತ ಸಣ್ಣದಾಗಿ ಒಂದು ಚುಕ್ಕೆ ಬೆಳಕು. ಗಾಳಿಗುಳ್ಳೆ ಬಿಟ್ಟುಹೋದ ಜಾಗ. ಒಂದು ತೂತು ಇನ್ನೊಂದಕ್ಕಿಂತ ಹತ್ತು ಪಟ್ಟು ಅಗಲ ಇದ್ದರೆ ಅದರಲ್ಲಿ ಹರಿಯುವುದು ಹತ್ತು ಪಟ್ಟಲ್ಲ, 10,000 ಪಟ್ಟು. ಹಾಗಾಗಿ ಕೋಟಿಗಟ್ಟಲೆ ಒಳ್ಳೆಯ ತೂತುಗಳ ನಡುವೆ ಆ ಚುಕ್ಕೆಯಂಥ ದೊಡ್ಡವು ನಾಲ್ಕು ಇದ್ದರೆ ಸಾಕು, ಎಲ್ಲವೂ ಅಲ್ಲೇ ಸೋರಿಹೋಗುತ್ತದೆ. ಜಾಸ್ತಿ ನೀರು ಬಿಡುತ್ತದೆ ಅನ್ನುವ ಒಂದೇ ಮಾತು ಕೇಳಿದಾಗ ನನಗೆ ಆ ಚುಕ್ಕೆ ನೆನಪಾಗುತ್ತದೆ. ಅದಕ್ಕೇ ಕೇಳುತ್ತಿದ್ದೇನೆ, ಎಷ್ಟು ಬಿಟ್ಟಿತು ಅನ್ನುವುದರ ಪಕ್ಕದಲ್ಲೇ ಏನನ್ನು ತಡೆಯಿತು ಅಂತಲೂ ಬರೆಯಿರಿ.

ಸಮುದ್ರದ ನೀರಿನಿಂದ ಉಪ್ಪು ತೆಗೆಯುವ ಕಥೆಯೂ ಇದೇ ಚರ್ಮದ ಕಥೆ. 1950ರ ದಶಕದಲ್ಲೇ ಸೆಲ್ಯುಲೋಸ್ ಅಸಿಟೇಟ್ ಹಾಳೆ ಉಪ್ಪನ್ನು ತಡೆಯುತ್ತದೆ ಅಂತ ಗೊತ್ತಿತ್ತು, ಆದರೆ ನೀರು ತೊಟ್ಟು ತೊಟ್ಟಾಗಿ ಬರುತ್ತಿತ್ತು, ಯಾವ ಉಪಯೋಗಕ್ಕೂ ಸಾಲದು. ಆ ದಶಕದ ಕೊನೆಗೆ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್ ಇಬ್ಬರೂ ಮೇಲೆ ಮಾತ್ರ ತೆಳು ಚರ್ಮ, ಕೆಳಗೆಲ್ಲ ಟೊಳ್ಳು ಇರುವ ಹಾಳೆ ಮಾಡಿದರು. ಉಪ್ಪು ತಡೆಯುವುದು ಹಾಗೇ ಉಳಿದು ನೀರು ಹತ್ತು ಪಟ್ಟಿಗೂ ಜಾಸ್ತಿ ಆಯಿತು. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲೇ ಇರುವ ಕೊಲಿಂಗಾ ಅನ್ನುವ ಊರಿಗೆ ಇದೇ ಬಗೆಯ ಮೆಂಬ್ರೇನ್‌ನಿಂದ ಕುಡಿಯುವ ನೀರು ಹೋಯಿತು. ಇಂಥ ಹಾಳೆಗೆ ಸರಿ ಮಗ್ಗುಲು ಅಂತ ಒಂದಿರುತ್ತದೆ, ಚರ್ಮದ ಕಡೆ ಉಪ್ಪುನೀರಿಗೆ ಮುಖ ಮಾಡಿರಬೇಕು, ಮಗುಚಿ ಹಾಕಿದರೆ ಕೆಲಸ ಕೆಡುತ್ತದೆ. ಸೌರಿರಾಜನ್ ಹೆಸರು ನಮ್ಮ ಶಾಲೆಯ ಮಕ್ಕಳಿಗೆ ಗೊತ್ತಿಲ್ಲ ಅನ್ನುವುದು ನನಗೆ ಬೇಜಾರಿನ ವಿಷಯ. ಆಮೇಲೆ 1970ರ ದಶಕದಲ್ಲಿ ಜಾನ್ ಕ್ಯಾಡೊಟ್ ಅನ್ನುವವರು ಟೊಳ್ಳು ಹಾಳೆಯ ಮೇಲೆಯೇ ಎರಡು ದ್ರವ ಸೇರುವ ಗಡಿಯಲ್ಲಿ ಪಾಲಿಅಮೈಡ್ ಪದರ ಬೆಳೆಸುವ ದಾರಿ ಹಿಡಿದರು, ಈಗಿನ ಆರ್‌ಒ (ರಿವರ್ಸ್ ಆಸ್ಮೋಸಿಸ್, ಅಂದರೆ ಒತ್ತಡ ಹಾಕಿ ಉಪ್ಪು ತೆಗೆಯುವ) ಮೆಂಬ್ರೇನ್‌ಗಳು ಬಹುಪಾಲು ಇದೇ ವಂಶದವು. ಆ ಪದರದ ದಪ್ಪ ಒಂದು ಮೈಕ್ರಾನಿನ ಹತ್ತನೇ ಒಂದೆರಡು ಭಾಗ. ಅದರ ಮೇಲೆ 55ರಿಂದ 70 ಬಾರ್ ಒತ್ತಡ (ಒಂದು ಬಾರ್ ಅಂದರೆ ಸುಮಾರು ನಮ್ಮ ಸುತ್ತಲ ಗಾಳಿಯ ಒತ್ತಡದಷ್ಟು) ಹಾಕಿ ಸಮುದ್ರದ ನೀರು ನೂಕುತ್ತಾರೆ. ನೀರು ಇಲ್ಲಿ ತೂತಿನಲ್ಲಿ ನುಗ್ಗುವುದಕ್ಕಿಂತ ಪಾಲಿಮರ್‌ನೊಳಗೆ ಕರಗಿ ದಾಟುತ್ತದೆ ಅನ್ನುವುದೇ ಹೆಚ್ಚು ಸರಿ. ಜರಡಿ ಅನ್ನುವ ಮಾತು ಇಲ್ಲಿ ಪೂರ್ತಿ ಕೈಕೊಡುತ್ತದೆ.

ಇನ್ನು ದೊಡ್ಡಪ್ಪನ ವಿಷಯ. ವಾರಕ್ಕೆ ಮೂರು ದಿನ, ಸಲಕ್ಕೆ ನಾಲ್ಕು ಗಂಟೆ. ಕುರ್ಚಿಯ ಪಕ್ಕದಲ್ಲಿ ಮೊಣಕೈಯಷ್ಟು ಉದ್ದದ ಪ್ಲಾಸ್ಟಿಕ್ ಕೊಳವೆ ನಿಂತಿರುತ್ತಿತ್ತು. ಅದರೊಳಗೆ ಸುಮಾರು 10,000 ಟೊಳ್ಳು ಎಳೆಗಳು, ಒಂದೊಂದರ ಒಳಗಿನ ಅಗಲ 200 ಮೈಕ್ರಾನ್, ಎಲ್ಲ ಬಿಡಿಸಿ ಹರಡಿದರೆ ಒಂದೂವರೆ ಎರಡು ಚದರ ಮೀಟರ್. ಎಳೆಯ ಒಳಗೆ ರಕ್ತ, ಹೊರಗೆ ಎದುರು ದಿಕ್ಕಿನಲ್ಲಿ ಡಯಾಲಿಸಿಸ್ ದ್ರವ. ಯೂರಿಯಾ ದೇಹದ ಕಸ, ಅದರ ಅಣುಭಾರ 60, ಅದು ಆರಾಮಾಗಿ ದಾಟಬೇಕು. ಆಲ್ಬುಮಿನ್‌ದು 66,000ಕ್ಕೂ ಜಾಸ್ತಿ, ಅದು ದೇಹಕ್ಕೆ ಬೇಕಾದ ಪ್ರೋಟೀನ್, ರಕ್ತದಲ್ಲೇ ಉಳಿಯಬೇಕು. ಮುಗಿದ ಮೇಲೆ ಆ ಕೊಳವೆಯಲ್ಲಿ ಅಲ್ಲಲ್ಲಿ ಕೆಂಪು ಗೀರು ಉಳಿದಿರುತ್ತಿದ್ದವು, ರಕ್ತ ಹೆಪ್ಪುಗಟ್ಟಿ ಮುಚ್ಚಿಹೋದ ಎಳೆಗಳು. ‘ಇದನ್ನು ನೀವೇ ಮಾಡೋದೇನಮ್ಮಾ?’ ಅಂತ ದೊಡ್ಡಪ್ಪ ಒಂದು ಸಲ ಕೇಳಿದ್ದರು. ‘ಇದರ ಅಣ್ಣತಮ್ಮಂದಿರನ್ನು ಮಾಡ್ತೀವಿ ದೊಡ್ಡಪ್ಪ’ ಅಂದಿದ್ದೆ.

ಇದಕ್ಕೆ ಹಿಂದೆ ಎಷ್ಟು ಜನರ ಪಾಡಿದೆ ಅಂತ ನೆನೆಸಿಕೊಳ್ಳಬೇಕು. 1943ರಲ್ಲಿ, ಯುದ್ಧದ ನಡುವೆ, ನೆದರ್‌ಲ್ಯಾಂಡ್ಸ್‌ನ ಕಾಂಪೆನ್‌ನಲ್ಲಿ ಡಾಕ್ಟರ್ ವಿಲೆಮ್ ಕೋಲ್ಫ್ ಸಾಸೇಜ್ ತುಂಬುವ ಸೆಲೋಫೇನ್ ಕೊಳವೆಯನ್ನು ತಿರುಗುವ ಮರದ ಡ್ರಮ್ಮಿಗೆ ಸುತ್ತಿ ಅದರಲ್ಲಿ ರೋಗಿಗಳ ರಕ್ತ ಹರಿಸಿದರು. ಮೊದಲ ಹದಿನೈದು ರೋಗಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡರು. 1945ರಲ್ಲಿ 67 ವರ್ಷದ ಮಹಿಳೆಯೊಬ್ಬರು ಬದುಕಿ ಮನೆಗೆ ಹೋದರು. ಆಮೇಲೆ ಬಂದ ಸೆಲ್ಯುಲೋಸ್ ಮೆಂಬ್ರೇನ್‌ಗಳು ಯೂರಿಯಾ ತೆಗೆದವು, ಆದರೆ ಸುಮಾರು 11,800 ಭಾರದ ಬೀಟಾ-2 ಮೈಕ್ರೋಗ್ಲಾಬ್ಯುಲಿನ್ ಅನ್ನುವ ಪ್ರೋಟೀನ್ ದಾಟುತ್ತಿರಲಿಲ್ಲ. ಅದು ವರ್ಷಗಟ್ಟಲೆ ಮಣಿಕಟ್ಟಿನಲ್ಲಿ, ಕೀಲುಗಳಲ್ಲಿ ಕೂತು ನೋವು ಕೊಡುತ್ತಿತ್ತು. ಆ ನೋವಿಗೆ ಕಾರಣ ಇದೇ ಪ್ರೋಟೀನ್ ಅಂತ 1985ರಲ್ಲಷ್ಟೇ ಗೊತ್ತಾಯಿತು. ತೂತು ಸ್ವಲ್ಪ ದೊಡ್ಡದಾಗಬೇಕು, ಆಲ್ಬುಮಿನ್ ಹೋಗಬಾರದು. ಲ್ಯಾಬ್‌ನಲ್ಲಿ ನಾವು ಒದ್ದಾಡುವ ಆ ಕಿರಿದಾದ ಜಾಗದಲ್ಲಿ ಒಬ್ಬರ ಕೈ ನೋವು ಇದೆ, ಅಲ್ವಾ?

ಮೆಂಬ್ರೇನ್ ಒಂದೇ ಇದ್ದರೂ ಸಾಲದು. ಒಂದು ಸಲದ ಡಯಾಲಿಸಿಸ್‌ಗೆ 120 ಲೀಟರ್ ಅಷ್ಟು ದ್ರವ ಆ ಎಳೆಗಳ ಪಕ್ಕದಲ್ಲಿ ಹರಿಯುತ್ತದೆ. ಆ ನೀರೂ ಆರ್‌ಒ ಮೆಂಬ್ರೇನ್ ದಾಟಿ ಬಂದಿದ್ದೇ. ನಲ್ಲಿ ನೀರಿಗೆ ಹಾಕುವ ಕ್ಲೋರಿನ್ ಆ ಪಾಲಿಅಮೈಡ್ ಪದರವನ್ನು ತಿಂದುಹಾಕುತ್ತದೆ, ಕ್ಲೋರಿನ್ನಿನಿಂದ ಆಗುವ ಕ್ಲೋರಮೈನ್ ರಕ್ತಕ್ಕೆ ಸೇರಿದರೆ ಕೆಂಪು ಕಣಗಳೇ ಒಡೆಯುತ್ತವೆ, ಅದಕ್ಕೇ ನೀರು ಮೊದಲು ಇಂಗಾಲದ ತೊಟ್ಟಿ ದಾಟಬೇಕು. 1996ರಲ್ಲಿ ಬ್ರೆಜಿಲ್‌ನ ಕರುವಾರು ಅನ್ನುವ ಊರಿನಲ್ಲಿ ಸರಿಯಾಗಿ ಶುದ್ಧಿಯಾಗದ ನೀರಿನಲ್ಲಿದ್ದ ಪಾಚಿಯ ವಿಷ ಡಯಾಲಿಸಿಸ್ ರೋಗಿಗಳ ರಕ್ತ ಸೇರಿ 50ಕ್ಕೂ ಹೆಚ್ಚು ಜನ ತೀರಿಕೊಂಡರು. ಒಂದು ದಿನ ದೊಡ್ಡಪ್ಪನ ಕೇಂದ್ರದಲ್ಲಿ ಬೆಳಗಿನ ಕ್ಲೋರಿನ್ ಪರೀಕ್ಷೆ ಸರಿ ಬರಲಿಲ್ಲ ಅಂತ ಒಂದೂವರೆ ಗಂಟೆ ಯಾರನ್ನೂ ಕೂರಿಸಲಿಲ್ಲ. ಎಲ್ಲರೂ ರೇಗಾಡುತ್ತಿದ್ದರು. ಆ ಸಿಸ್ಟರ್ ಮಾತ್ರ ಜಗ್ಗಲಿಲ್ಲ. ಅವರಿಗೆ ನಾನು ಅವತ್ತು ಹೇಳಿದ ಥ್ಯಾಂಕ್ಸ್ ಸಾಲದು ಅಂತ ಈಗಲೂ ಅನ್ನಿಸುತ್ತದೆ.

ಮೆಂಬ್ರೇನ್ ಬಳಸುವ ಇನ್ನೂ ಕೆಲವಿವೆ, ಅವುಗಳ ಬಗ್ಗೆಯೂ ಬರೆಯಿಸಿ. ಕಾಯಿಸಿದರೆ ಕೆಡುವ ಔಷಧಿಗಳನ್ನು 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಹಾಯಿಸಿ ಬ್ಯಾಕ್ಟೀರಿಯಾ ತೆಗೆಯುತ್ತಾರೆ. ಶ್ವಾಸಕೋಶ ಸೋತವರಿಗೆ ಆಮ್ಲಜನಕ ತುಂಬುವ ಎಕ್ಮೋ ಯಂತ್ರದಲ್ಲೂ ಟೊಳ್ಳು ಎಳೆಗಳೇ. ಚರ್ಮಕ್ಕೆ ಅಂಟಿಸುವ ಔಷಧಿ ಪಟ್ಟಿಗಳಲ್ಲಿ ಕೆಲವಕ್ಕೆ ಒಂದು ಪಾಲಿಮರ್ ಪೊರೆ ಇರುತ್ತದೆ, ಔಷಧಿ ಗಂಟೆಗೆ ಎಷ್ಟು ಹೊರಬರಬೇಕು ಅನ್ನುವುದು ಅದರ ಕೈಲಿ. ಇವು ಒಂದೊಂದೂ ಒಂದೊಂದು ಬರಹ ಆಗುತ್ತವೆ.

ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ನಾನು ಬರೆದ ದ್ರಾವಕ ಇದೆಯಲ್ಲ, ಡಿಎಂಎಫ್, ಎನ್‌ಎಂಪಿ ಅಂತ, ಇವು ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಲ್ಲವು. ಐರೋಪ್ಯ ಒಕ್ಕೂಟ ಎರಡರ ಬಳಕೆಗೂ ಮಿತಿ ಹಾಕಿದೆ. ಬಸುರಿಯಾಗಿದ್ದಾಗ ನಾನು ಬ್ಲೇಡ್ ಮುಟ್ಟಲಿಲ್ಲ. ತೊಟ್ಟಿಯ ನೀರಿಗೆ ಓಡಿಹೋದ ದ್ರಾವಕ ಎಲ್ಲಿಗೆ ಹೋಗುತ್ತದೆ ಅಂತ ನೀವು ನಮ್ಮನ್ನು ಕೇಳಬೇಕು. ಐದಾರು ವರ್ಷ ದುಡಿದು ಮುಚ್ಚಿಕೊಂಡ ಮೆಂಬ್ರೇನ್‌ಗಳು ಬಹುಪಾಲು ಕಸದ ಗುಂಡಿಗೆ ಹೋಗುತ್ತವೆ, ಅದನ್ನೂ ಕೇಳಬೇಕು. ಕಡಿಮೆ ಹಾನಿಯ ದ್ರಾವಕದಲ್ಲಿ ಅಷ್ಟೇ ಒಳ್ಳೆಯ ಹಾಳೆ ಮಾಡಲು ಸುಮಾರು ಜನ ದುಡಿಯುತ್ತಿದ್ದಾರೆ. ಅದು ಎಷ್ಟೋ ಪಟ್ಟು ನೀರು ಬಿಡುವ ಸುದ್ದಿಯಷ್ಟು ಮಿಂಚುವುದಿಲ್ಲ, ಆದರೆ ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಸುದ್ದಿ.

ಮುಂದಿನ ಸಲ ಇಂಥ ಬರಹಕ್ಕೆ ಫೋಟೋ ಬೇಕಾದರೆ ಸೂಕ್ಷ್ಮದರ್ಶಕದ ಚಿತ್ರ ಮಾತ್ರ ಹಾಕಬೇಡಿ. ನಿಮ್ಮ ಫೋಟೋಗ್ರಾಫರ್ ಅವರನ್ನು ನಮ್ಮ ಲ್ಯಾಬ್‌ಗೆ ಕಳಿಸಿ. ಗಾಜು ನೀರಿಗೆ ಜಾರಿ ಹಾಳೆ ಬೆಳ್ಳಗಾಗುವ ಆ ಕೆಲವು ಸೆಕೆಂಡು ಅವರು ತೆಗೆಯಲಿ, ಬ್ಲೇಡ್ ನಾನು ಎಳೆಯುತ್ತೇನೆ.

ಇಂತಿ,
ಮೆಂಬ್ರೇನ್ ಲ್ಯಾಬ್‌ನಲ್ಲಿ ಕೆಲಸ ಮಾಡುವ ನಿಮ್ಮ ಓದುಗಳು