‘ಶುದ್ಧ ಟಂಗ್ ಎಣ್ಣೆ’ ಎಂದು ಮಾರಿದ, ಒಣಗದ ಎಣ್ಣೆಯ ಬಗ್ಗೆ ದೂರು

ಗೆ,
ಕುಂದುಕೊರತೆ ಅಧಿಕಾರಿಗಳು,
ಗ್ರಾಹಕ ಸೇವಾ ವಿಭಾಗ

ವಿಷಯ: ಬೇಸ್ ಗಿಟಾರಿನ ಮರದ ಬಾಡಿಯ ಮೇಲೆ ಹಚ್ಚಿದ ಎಣ್ಣೆ ಒಣಗದಿರುವುದು, ಹಣ ವಾಪಸಾತಿ ಮತ್ತು ನಷ್ಟ ಪರಿಹಾರ ಕೋರಿ

ಮಾನ್ಯರೇ,

ನಿಮ್ಮ ಜಾಲತಾಣದಲ್ಲಿ ‘ಗಿಟಾರ್ ಮತ್ತು ಪೀಠೋಪಕರಣಗಳಿಗೆ ಶುದ್ಧ ಟಂಗ್ ಎಣ್ಣೆ’ ಎಂದು ಮಾರುತ್ತಿರುವ ಅರ್ಧ ಲೀಟರ್ ಬಾಟಲಿಯನ್ನು ತರಿಸಿಕೊಂಡಿದ್ದೆ. ಬಿಲ್ಲು, ಫೋಟೊಗಳು, ನಿಮ್ಮ ಸಿಬ್ಬಂದಿ ಜತೆ ನಡೆದ ಚಾಟ್ ಎಲ್ಲವನ್ನೂ ಲಗತ್ತಿಸಿದ್ದೇನೆ. ನೇರವಾಗಿಯೇ ಹೇಳುತ್ತೇನೆ: ಬಾಟಲಿಯಲ್ಲಿರುವುದು ಟಂಗ್ ಮರದ ಬೀಜದಿಂದ ತೆಗೆದ, ಹಚ್ಚಿದ ಮೇಲೆ ಒಣಗಿ ಗಟ್ಟಿಯಾಗುವ ಟಂಗ್ ಎಣ್ಣೆಯಲ್ಲ. ಒಣಗುವ ಜಾತಿಯ ಎಣ್ಣೆಯೇ ಅಲ್ಲ.

ಬಾಡಿ ಮಹಾಗನಿಯದು. ಪೇಂಟು, ಸೀಲರ್ ಏನೂ ಸೋಕದ ಬರೀ ಮರ. 120, 180, ಆಮೇಲೆ 220ರ ಸ್ಯಾಂಡ್ ಪೇಪರ್ ಹಾಕಿ, ಒದ್ದೆ ಬಟ್ಟೆಯಿಂದ ಒರೆಸಿ, ಎದ್ದ ನಾರನ್ನು ಮತ್ತೊಮ್ಮೆ ಉಜ್ಜಿ ತೆಗೆದಿದ್ದೆ. ನೆಕ್ (ತಂತಿಗಳಿರುವ ಉದ್ದನೆಯ ಹಿಡಿ) ಕೂರುವ ಕುಳಿಯ ಮೇಲೆ ಟೇಪ್ ಅಂಟಿಸಿದ್ದೆ. ಅಲ್ಲಿ ಮರಕ್ಕೆ ಮರವೇ ಬಿಗಿಯಾಗಿ ಕೂರಬೇಕು, ಎಣ್ಣೆ ಹೋಗಬಾರದು. ಟರ್ಪೆಂಟೈನ್ ಬೆರೆಸಬೇಡಿ ಎಂದು ನಿಮ್ಮ ಲೇಬಲ್ಲೇ ಹೇಳಿದ್ದರಿಂದ ಬೆರೆಸಲಿಲ್ಲ. ಹತ್ತಿ ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, 20 ನಿಮಿಷ ಬಿಟ್ಟು, ಮರ ಕುಡಿಯದೆ ಉಳಿದಿದ್ದನ್ನು ಪೂರ್ತಿ ಒರೆಸಿದೆ. ‘24 ಗಂಟೆಯಲ್ಲಿ ಕೈಗಂಟದಂತೆ ಒಣಗುತ್ತದೆ’ ಎಂದು ಬಾಟಲಿ ಮೇಲಿದೆ. ವಾರಗಳು ಕಳೆದ ಮೇಲೂ ಬೆರಳಿಟ್ಟರೆ ಗೆರೆ ಮೂಡುತ್ತದೆ, ಬೆರಳು ಜಿಡ್ಡಾಗುತ್ತದೆ. ಒರೆಸಿದ ಟವೆಲ್ಲಿನ ಎಳೆಗಳು ಬಾಡಿಯ ಕೆಳಗಿನ ಹಾರ್ನ್ (ಕೊಂಬಿನಂತೆ ಚಾಚಿದ ಭಾಗ) ಮೇಲೆ ಈಗಲೂ ಅಂಟಿಕೊಂಡಿವೆ, ಫೋಟೊದಲ್ಲಿ ಕಾಣುತ್ತದೆ.

ನಿಮ್ಮ ಗ್ರಾಹಕ ಸೇವೆಯವರು ಮೊದಲು ಕೊಟ್ಟ ಉತ್ತರ, “ಮಳೆಗಾಲ ಅಲ್ವಾ ಸರ್, ಇನ್ನೂ ಸ್ವಲ್ಪ ದಿನ ನೋಡಿ.” ಆಮೇಲೆ, ಮಹಾಗನಿಯ ರಂಧ್ರಗಳಿಂದ ಎಣ್ಣೆ ವಾಪಸ್ ಉಕ್ಕುವುದು ಸಹಜ ಎಂದರು. ಥಂಡಿಗೆ ಎಣ್ಣೆ ನಿಧಾನವಾಗಿ ಒಣಗುವುದೂ ನಿಜ, ಮಹಾಗನಿ ಎಣ್ಣೆ ಉಕ್ಕಿಸುವುದೂ ನಿಜ. ಅದಕ್ಕೇ ಮರವನ್ನು ಬದಿಗಿಟ್ಟು ಗಾಜಿನ ಮೇಲೆ ನೋಡಿದೆ. ಒಂದೇ ಗಾಜಿನ ತುಂಡಿನ ಒಂದು ಬದಿಗೆ ನಿಮ್ಮ ಎಣ್ಣೆ, ಇನ್ನೊಂದು ಬದಿಗೆ ಪೇಂಟ್ ಅಂಗಡಿಯ ಡಬಲ್ ಬಾಯಿಲ್ಡ್ ಲಿನ್‌ಸೀಡ್ ಆಯಿಲ್ (ಅಗಸೆ ಬೀಜದ ಎಣ್ಣೆ). ಅದೇ ಕಪಾಟು, ಅದೇ ಮಳೆ. ಲಿನ್‌ಸೀಡ್ ಪೊರೆ ಕಟ್ಟಿತು, ಉಗುರಲ್ಲಿ ಕೆರೆದರೆ ಸಿಪ್ಪೆಯಾಗಿ ಏಳುತ್ತದೆ. ಅದರಲ್ಲಿ ಬೇಗ ಒಣಗಿಸುವ ಡ್ರೈಯರ್ ಇರುತ್ತದೆ, ಶುದ್ಧ ಟಂಗ್ ಎಣ್ಣೆಗೆ ಹೆಚ್ಚು ದಿನ ಬೇಕು ಎಂದು ನೀವು ಹೇಳಬಹುದು. ಒಪ್ಪಿದೆ, ಅದಕ್ಕೇ ಅಷ್ಟು ದಿನವೂ ಬಿಟ್ಟೆ. ನಿಮ್ಮ ಎಣ್ಣೆ ಹಚ್ಚಿದ ದಿನ ಹೇಗಿತ್ತೋ ಇವತ್ತಿಗೂ ಹಾಗೇ ಇದೆ. ಗಾಜು ಓರೆ ಮಾಡಿದರೆ ಹರಿಯುತ್ತದೆ. ಗಾಜಿಗೆ ರಂಧ್ರವಿಲ್ಲವಷ್ಟೆ.

ಟಂಗ್ ಮರದ ಬೀಜದ ಎಣ್ಣೆ ಗಾಳಿಯ ಆಮ್ಲಜನಕದ ಜತೆ ಕೂಡಿ ಗಟ್ಟಿಯಾಗುತ್ತದೆ, ಆವಿಯಾಗಿ ಒಣಗುವುದಲ್ಲ. ಗಿಟಾರಿಗೆ ಅದನ್ನು ಆರಿಸುವುದೇ ಅದಕ್ಕಾಗಿ. ಲಿಕ್ವಿಡ್ ಪ್ಯಾರಾಫಿನ್‌ನಂಥ ಖನಿಜ ಎಣ್ಣೆ ವರ್ಷ ಕಾದರೂ ಗಟ್ಟಿಯಾಗುವುದಿಲ್ಲ. ನಿಮ್ಮ ಬಾಟಲಿಯಲ್ಲಿರುವುದು ಅದೇ ಎಂಬುದು ನನ್ನ ಅನುಮಾನ. ಟಂಗ್ ಎಣ್ಣೆಗೆ ಕಾಯಿಬೀಜದಂಥ ಒಂದು ವಾಸನೆ ಇರುತ್ತದೆ. ಇದಕ್ಕೆ ವಾಸನೆಯೇ ಇಲ್ಲ.

ಲೇಬಲ್ಲಿನಲ್ಲಿ ತಯಾರಕರ ವಿಳಾಸವಿಲ್ಲ, ತಯಾರಾದ ತಿಂಗಳಿಲ್ಲ, ಆಮದಾಗಿದ್ದರೆ ಯಾವ ದೇಶದ್ದೆಂದೂ ಇಲ್ಲ. 2011ರ ಪೊಟ್ಟಣ ಸಾಮಗ್ರಿ ನಿಯಮಗಳ ಪ್ರಕಾರ ಇವು ಇರಲೇಬೇಕು. ಅದಕ್ಕಿಂತ ಗಾಬರಿ ಹುಟ್ಟಿಸಿದ್ದು ಜತೆಗಿದ್ದ ಚೀಟಿ: ‘ಒರೆಸಿದ ಬಟ್ಟೆಯನ್ನು ಮಡಚಿ ಮುಂದಿನ ಕೋಟ್‌ಗೆ ಎತ್ತಿಡಿ.’ ನಿಜವಾದ ಟಂಗ್ ಅಥವಾ ಲಿನ್‌ಸೀಡ್ ಎಣ್ಣೆಯ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ನೆನೆಸಿಡಬೇಕು. ನಿಮ್ಮ ಎಣ್ಣೆಯಿಂದ ಆ ಅಪಾಯವಿಲ್ಲ ಎನ್ನುವುದೊಂದೇ ಸಮಾಧಾನ! ಆದರೆ ಚೀಟಿಯನ್ನು ನಂಬಿ ಬೇರೆ ಕಂಪನಿಯ ಅಸಲಿ ಎಣ್ಣೆಗೂ ಹಾಗೇ ಮಾಡುವವರ ಗತಿ?

ಬಾಡಿ ಈಗ ಅತ್ತ ಬರೀ ಮರವೂ ಅಲ್ಲ, ಇತ್ತ ಫಿನಿಶ್ ಆದದ್ದೂ ಅಲ್ಲ. ಟರ್ಪೆಂಟೈನ್ ಹಾಕಿ ಒರೆಸಿದರೂ ರಂಧ್ರದೊಳಗಿನ ಜಿಡ್ಡು ಮತ್ತೆ ಮೇಲೆ ಬರುತ್ತಿದೆ. ಜಿಡ್ಡಿನ ಮೇಲೆ ಲ್ಯಾಕರ್ ಆಗಲಿ ಪಿಯು (ಪಾಲಿಯುರೆಥೇನ್) ಲೇಪ ಆಗಲಿ ಹಿಡಿಯುವುದಿಲ್ಲ ಎಂದು ಪಾಲಿಶ್ ಮಾಡುವವರೂ ಕೈಚೆಲ್ಲಿಬಿಟ್ಟರು.

‘ತೆರೆದ ಬಾಟಲಿ ವಾಪಸ್ ಇಲ್ಲ’ ಎಂಬ ನಿಮ್ಮ ನಿಯಮ ನನಗೆ ಅನ್ವಯಿಸದು. ತೆರೆಯದೆ ಎಣ್ಣೆ ಒಣಗುತ್ತದೋ ಇಲ್ಲವೋ ಗೊತ್ತಾಗುವುದು ಹೇಗೆ? ಎಣ್ಣೆಯ ಪೂರ್ತಿ ಬೆಲೆ, ಜಿಡ್ಡು ತೆಗೆಸಿ ಮತ್ತೆ ಮರ ಉಜ್ಜಿಸುವ ಖರ್ಚು (ಅಂದಾಜು ಪಟ್ಟಿ ಲಗತ್ತಿಸಿದೆ) ಎರಡನ್ನೂ ಕೊಡಬೇಕು. ಜಾಲತಾಣದಿಂದ ‘ಶುದ್ಧ ಟಂಗ್’ ಎಂಬ ಮಾತನ್ನು ಕೂಡಲೇ ತೆಗೆಯಬೇಕು.

2020ರ ಇ-ವಾಣಿಜ್ಯ ನಿಯಮಗಳಂತೆ 48 ಗಂಟೆಯೊಳಗೆ ಈ ದೂರು ತಲುಪಿದ್ದಕ್ಕೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ, ಜಿಲ್ಲಾ ಗ್ರಾಹಕ ಆಯೋಗದಲ್ಲೂ ದೂರು ದಾಖಲಿಸುತ್ತೇನೆ.

ಬಾಟಲಿಯಲ್ಲಿ ಇನ್ನೂ ಮುಕ್ಕಾಲು ಭಾಗ ಎಣ್ಣೆ ಇದೆ. ಪರೀಕ್ಷೆಗೆ ಬೇಕೆಂದರೆ ಅರ್ಧ ಕಳುಹಿಸುತ್ತೇನೆ. ಉಳಿದದ್ದು, ಆ ಗಾಜಿನ ತುಂಡಿನ ಸಮೇತ, ನನ್ನ ಬಳಿಯೇ ಇರುತ್ತದೆ.

ಇಂತಿ,
ನಿಮ್ಮ ಗ್ರಾಹಕ
ಬೆಂಗಳೂರು